ಬೀಡಿಂಗ್ ಉಜ್ಜಲು ಬೆರಳು ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆ ಹಳೆ ಮನೆ ಉಳಿಸಿಕೊಂಡವರಿಗೆ, ಈಗಷ್ಟೇ ಮರಗೆಲಸಕ್ಕೆ ಕೈಹಾಕಿದ ಹುಡುಗರಿಗೆ ಇವತ್ತು ಒಂದೇ ಮಾತು ಹೇಳಬೇಕು. ಬೀಡಿಂಗ್ ಪಟ್ಟಿಯನ್ನು, ಅಂದರೆ ಬಾಗಿಲು ಕಿಟಕಿಯ ಅಂಚಿಗೆ ಅಂದಕ್ಕೆ ಕೂರಿಸುವ ಉಬ್ಬುತಗ್ಗಿನ ಮರದ ಪಟ್ಟಿಯನ್ನು, ಬೆರಳಿನಿಂದ ಉಜ್ಜಬೇಡಿ.

ಬೆರಳು ಮೆತ್ತಗಿರುತ್ತದೆ. ಉಪ್ಪು ಕಾಗದ ಹಿಡಿದು ಒತ್ತಿದರೆ ಉಬ್ಬಿದ ಜಾಗವೇ ಜಾಸ್ತಿ ಸವೆಯುತ್ತದೆ. ಕಾಗದ ತಗ್ಗಿನೊಳಗೆ ಇಳಿಯುವುದೇ ಇಲ್ಲ. ಬೀಡಿಂಗಿನ ಅಂದ ಇರುವುದೇ ಅದರ ಏಣಿನಲ್ಲಿ ಅಲ್ವಾ? ಅದೇ ಹೋದರೆ ಉಳಿಯುವುದು ಸುಮ್ನೆ ಒಂದು ಪಟ್ಟಿ. ಉಜ್ಜುವ ಮಷಿನ್ ಹಿಡಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಆ ಮಷಿನ್ ಇರುವುದು ಚಪ್ಪಟೆ ಹಲಗೆಗೆ.

ಮೂಡಿಗೆರೆ ಕಡೆ ಒಂದು ತೊಟ್ಟಿ ಮನೆ. ಬೀಟೆ ಮರದ ಬಾಗಿಲವಾಡ, ಸುತ್ತಲೂ ಉಬ್ಬುತಗ್ಗಿನ ಬೀಡಿಂಗ್. ಹಳೆ ಬಣ್ಣ ತೆಗೆದಾಗಿತ್ತು. ಹುಡುಗರು ಕಾಗದ ಮಡಚಿಕೊಂಡು ಬೆರಳಲ್ಲಿ ಉಜ್ಜುತ್ತಿದ್ದರು. ಎಡಗಡೆ ಆಗಲೇ ನುಣ್ಣಗೆ ಬೋಳಾಗಿತ್ತು. ಅಲ್ಲಿದ್ದ ಹಿರಿಯ ಆಚಾರಿ ಬೈಯಲೂ ಇಲ್ಲ. ಹಿತ್ತಲಲ್ಲಿ ಬಿದ್ದಿದ್ದ ಹವಾಯಿ ಚಪ್ಪಲಿ ತಂದು, ಅದರ ಅಟ್ಟೆಯಿಂದ ಅಂಗೈಗೆ ಕೂರುವಷ್ಟು ತುಂಡು ಕತ್ತರಿಸಿದರು. ಬಲಗಡೆಯ ಬೀಡಿಂಗ್ ಇನ್ನೂ ಚೆನ್ನಾಗಿತ್ತು. ಅದರ ಮೇಲೆ 80 ನಂಬರ್ ಉಪ್ಪು ಕಾಗದವನ್ನು (ನಂಬರ್ ಹೆಚ್ಚಿದಷ್ಟೂ ತರಿ ಸಣ್ಣ) ತರಿ ಮೇಲೆ ಬರುವಂತೆ ಹಾಸಿ, ಗೆರೆಗೆರೆಗೂ ಒತ್ತಿ ಕೂರಿಸಿದರು. ಒಬ್ಬ ಹುಡುಗನಿಗೆ ಅದನ್ನು ಹಿಡಿದುಕೊಳ್ಳಲು ಹೇಳಿ, ರಬ್ಬರ್ ತುಂಡನ್ನು ಅದರ ಮೇಲೆ ಉದ್ದುದ್ದಕ್ಕೆ ಉಜ್ಜಿದರು. ರಬ್ಬರ್ ಸವೆದು ಸವೆದು ಬೀಡಿಂಗಿನ ಅಚ್ಚು ಅದರಲ್ಲಿ ಮೂಡಿತು. ಮರದಲ್ಲಿ ತಗ್ಗಿದ್ದಲ್ಲಿ ಇದರಲ್ಲಿ ಉಬ್ಬು. ಆ ಮುಖಕ್ಕೆ 120ರ ಕಾಗದ ಅಂಟಿಸಿ ಹುಡುಗರ ಕೈಗೆ ಕೊಟ್ಟರು. ತಗ್ಗೆಲ್ಲ ನುಣುಪಾಯಿತು, ಏಣು ಹಾಗೇ ನಿಂತಿತು. ಎಡಗಡೆ ಮಾತ್ರ ಯಾರಿಂದಲೂ ಸರಿಯಾಗಲಿಲ್ಲ. ಸವೆದ ಮರ ತಿರುಗಿ ಬರುವುದಿಲ್ಲವಲ್ಲ.

ಅದಕ್ಕೇ ಹೇಳುವುದು, ಬೆರಳು ಬೇಡ, ಅಚ್ಚು ಮಾಡಿಕೊಳ್ಳಿ. ಸಮಯ ಕಮ್ಮಿ ಇದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ತುಂಬಾ ಉದ್ದದ ಕೆಲಸವಿದ್ದರೆ ರಬ್ಬರ್ ಬದಲು ಗಟ್ಟಿ ಅಚ್ಚು ಬೇಕು. ಬೀಡಿಂಗಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುಕ್ಕಿಲ್ಲದೆ ಹಾಸಿ. ಕಾರಿಗೆ ಹಚ್ಚುವ ಪುಟ್ಟಿಗೆ ಹಾರ್ಡನರ್ ಕಲಸಿ ಅದರ ಮೇಲೆ ಒತ್ತಿ. ಗಟ್ಟಿಯಾದ ಮೇಲೆ ಎಬ್ಬಿಸಿ ಕಾಗದ ಅಂಟಿಸಿ. ವಾಸನೆ ಜೋರು, ಗಾಳಿ ಆಡುವ ಕಡೆ ಮಾಡಿ.

ದುಂಡು ತಗ್ಗಿಗೆ ಪಿವಿಸಿ ಪೈಪಿನ ತುಂಡಿಗೆ ಕಾಗದ ಸುತ್ತಿದರೆ ಸಾಕು. ದುಂಡು ಉಬ್ಬಿಗೆ ಪೈಪನ್ನು ಉದ್ದಕ್ಕೆ ಸೀಳಿ ಒಳಗಡೆ ಅಂಟಿಸಿ. ಸಣ್ಣ ಗೆರೆಗೆ ಹಳೆ ಎಟಿಎಂ ಕಾರ್ಡಿನ ಅಂಚು. 120, 180, 220, ಇದೇ ಕ್ರಮ. ಮಧ್ಯದ್ದನ್ನು ಬಿಟ್ಟರೆ ಗೀರುಗಳು ಪಾಲಿಶ್ ಹಾಕಿದ ಮೇಲೆ ಎದ್ದು ಕಾಣುತ್ತವೆ. ಯಾವಾಗಲೂ ಮರದ ಎಳೆಯ ಉದ್ದಕ್ಕೇ ಉಜ್ಜಿ.

ಬೀಟೆ, ತೇಗದ ಹುಡಿ ಕೆಲವರಿಗೆ ಮೈಗೂ ಮೂಗಿಗೂ ಆಗುವುದಿಲ್ಲ. ಮಾಸ್ಕ್ ಹಾಕಿಕೊಳ್ಳಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಅದನ್ನು ಒಣಗಿದ ಹಾಗೇ ಉಜ್ಜಲೇಬೇಡಿ, ಮಕ್ಕಳಿರುವ ಮನೆಯಲ್ಲಂತೂ ಖಂಡಿತ ಬೇಡ. ನಮಸ್ಕಾರ.