ಅಜ್ಜ ಬಿಟ್ಟು ಹೋದ ಚೀಟಿ

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿ ಕಡೆಯ ಒಂದು ಲೈಬ್ರರಿಯಲ್ಲಿ ನಾಲ್ಕು ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜ ಬಂದರು. ಒದ್ದೆ ಕೊಡೆ ಬಾಗಿಲ ಮೂಲೆಗಿಟ್ಟು, ಮಗ ಕಳಿಸಿದ ಆಸ್ಪತ್ರೆ ರಿಪೋರ್ಟ್ ತೆಗೆಯಲು ಮೇಲ್ ತೆರೆದರು. ಪ್ರಿಂಟ್ ಕೈಗೆ ಬರುವ ಹೊತ್ತಿಗೆ ಬಸ್ಸಿನ ಹಾರ್ನ್ ಕೇಳಿತು. ಬ್ರೌಸರ್ ಮುಚ್ಚಿ ಓಡಿದರು.

ಅದೇ ಕುರ್ಚಿಗೆ ಪಿಯುಸಿ ಹುಡುಗಿಯೊಬ್ಬಳು ಬಂದು ಕೂತಳು. ಎರಡು ನಿಮಿಷಕ್ಕೆ ಎದ್ದು ಬಂದು, "ಅಕ್ಕಾ, ಇದು ಬೇರೆ ಯಾರದೋ ಮೇಲ್. ನಾನೇನೂ ಓದಿಲ್ಲ" ಅಂದಳು. ಪರದೆ ತುಂಬ ಅಜ್ಜನ ಕಾಗದಪತ್ರ. ತಪ್ಪು ಅಜ್ಜನದಲ್ಲ, ನನ್ನದು.

ಅಡಿಕೆ ಮಂಡಿಯಲ್ಲಿ ಚೀಲ ಇಳಿಸಿದರೆ ಚೀಟಿ ಕೊಡುತ್ತಾರೆ, ಅಲ್ವಾ? ಲಾಗಿನ್ ಆದಾಗ ವೆಬ್‌ಸೈಟ್ ಕೂಡ ಬ್ರೌಸರ್‌ಗೆ ಅಂಥದ್ದೇ ಒಂದು ಚೀಟಿ ಕೊಡುತ್ತದೆ. ಅದೇ ಕುಕಿ. 1994ರಲ್ಲಿ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಕಂಪನಿಯ ಲೂ ಮೊಂಟುಲಿ ಇದನ್ನು ತಂದರು. ಚೀಟಿ ಯಾವ ಬ್ರೌಸರ್‌ನಲ್ಲಿದೆಯೋ ಅದರ ಮುಂದೆ ಕೂತವರೇ ಯಜಮಾನರು ಅಂತ ಸೈಟ್ ನಂಬುತ್ತದೆ. ಮನೆಯ ಕಂಪ್ಯೂಟರಿಗೆ ಅನುಕೂಲ, ಹತ್ತು ಜನ ಕೂರುವ ಕಂಪ್ಯೂಟರಿಗೆ ಅಪಾಯ.

"ಲಾಗ್ ಔಟ್ ಮಾಡಿ" ಅಂತ ಬೋರ್ಡ್ ಹಾಕಿದ್ದೆ. ಬಸ್ ಹಿಡಿಯುವವರು ಅದನ್ನು ಓದುತ್ತಾ ನಿಲ್ಲುತ್ತಾರಾ? ಅದಕ್ಕೇ ಕ್ರೋಮ್‌ನಲ್ಲಿ ಪಾಲಿಸಿ ಅಂತ ಇದೆ. ಕಂಪ್ಯೂಟರ್ ನೋಡಿಕೊಳ್ಳುವವರು ಒಮ್ಮೆ ಹಾಕಿದರೆ, ಮುಂದೆ ಕೂತವರು ಬದಲಿಸಲು ಆಗುವುದಿಲ್ಲ.

ಕುಕಿಯ ಪಾಲಿಸಿಗೆ ಒಂದು ನಂಬರ್ ಕೊಡಬೇಕು. 1 ಅಂದರೆ ಇರಲಿ, 2 ಅಂದರೆ ಬೇಡವೇ ಬೇಡ, 4 ಅಂದರೆ ಬ್ರೌಸರ್ ಮುಚ್ಚುವ ತನಕ ಮಾತ್ರ. ನಾನು ಮೊದಲು 2 ಹಾಕಿದೆ. ಯಾರಿಗೂ ಮೇಲ್ ತೆರೆಯಲು ಆಗಲಿಲ್ಲ. ನಮ್ಮಂಥ ಕಡೆಗೆ 4 ಸರಿ. ಅದನ್ನು ಹಾಕಿದ ಮೇಲೂ ಕುಕಿ ಉಳಿಯುತ್ತಿತ್ತು! ಅರ್ಧ ದಿನ ಹುಡುಕಿದೆ. ಬ್ರೌಸರ್ ತೆರೆದಾಗ ಹಿಂದಿನ ಪುಟಗಳೇ ಬರಲಿ ಅನ್ನುವ ಸೆಟ್ಟಿಂಗ್ ಆನ್ ಇತ್ತು. ಅದು ಆನ್ ಇದ್ದರೆ 4 ನಡೆಯುವುದಿಲ್ಲ. ಇದನ್ನು ದಯವಿಟ್ಟು ನೆನಪಿಡಿ.

ಹಿಸ್ಟರಿ, ಉಳಿಸಿದ ಪಾಸ್‌ವರ್ಡ್, ಸೈಟ್‌ಗಳ ಡೇಟಾ ಎಲ್ಲವನ್ನೂ ಮುಚ್ಚುವಾಗ ಅಳಿಸುವ ಇನ್ನೊಂದು ಪಾಲಿಸಿ ಇದೆ. ಸಿಂಕ್, ಅಂದರೆ ಈ ಡೇಟಾ ಗೂಗಲ್ ಖಾತೆಗೂ ನಕಲಾಗುವುದು, ಆಫ್ ಇರಬೇಕು ಅಂತ ಮೊದಲು ಇತ್ತು; ಈಗಿನ ಕ್ರೋಮ್‌ನಲ್ಲಿ ಅಳಿಸುವ ಡೇಟಾದ ಮಟ್ಟಿಗೆ ಅದು ತಾನೇ ಆಫ್ ಆಗುತ್ತದೆ. ನಮ್ಮ ಕಡೆ ಆಷಾಢದ ಗಾಳಿಗೆ ಮರ ಬಿದ್ದರೆ ಕರೆಂಟ್ ಹೋಯಿತು ಅಂತಲೇ ಲೆಕ್ಕ. ಬ್ರೌಸರ್ ಸರಿಯಾಗಿ ಮುಚ್ಚುವುದೇ ಇಲ್ಲ. ಆಗ ಏನು ಗತಿ ಅಂತ ನನಗೆ ಭಯ ಇತ್ತು. ಕ್ರೋಮ್ ಮತ್ತೆ ತೆರೆದಾಗ ಆ ಬಾಕಿ ಕೆಲಸ ಮುಗಿಸುತ್ತದೆ ಅಂತ ತಿಳಿದು ಜೀವ ತಣ್ಣಗಾಯಿತು. ಫೈರ್‌ಫಾಕ್ಸ್ ಬಳಸುವವರಿಗೂ ಇಂಥ ಪಾಲಿಸಿ ಇದೆ.

ಒಂದು ಮಾತ್ರ ಉಳಿಯುತ್ತದೆ. ಡೌನ್‌ಲೋಡ್ ಪಟ್ಟಿ ಅಳಿಯುತ್ತದೆ, ಇಳಿಸಿದ ಫೈಲ್ ಅಳಿಯುವುದಿಲ್ಲ. ಅಜ್ಜನ ರಿಪೋರ್ಟ್ ಅಂದು ಸಂಜೆಯೂ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಇತ್ತು. ಈಗ ಬಾಗಿಲು ಹಾಕುವ ಮೊದಲು ದಿನಾ ನಾನೇ ಕೂತು ಅದನ್ನು ಖಾಲಿ ಮಾಡುತ್ತೇನೆ.

ಮೊನ್ನೆ ಅಜ್ಜ ಮತ್ತೆ ಬಂದಿದ್ದರು. "ಪಾಸ್‌ವರ್ಡ್ ಪ್ರತಿ ಸಲ ಕೇಳ್ತದಲ್ಲ ತಂಗಿ?" ಅಂದರು. ಯಾಕೆ ಅಂತ ಹೇಳಿದೆ. ಕಿಸೆಯಿಂದ ಪುಟ್ಟ ಡೈರಿ ತೆಗೆದರು. ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಒತ್ತಿದರು.