ಯಜ್ದ್ ನಗರದ ಜಿಜಿಯಾ

ಕೇಳುಗರಿಗೆ ನಮಸ್ಕಾರ.

1854ರಲ್ಲಿ ಮುಂಬಯಿಯ ಪಾರ್ಸಿಗಳು ಒಂದು ಸಂಘ ಕಟ್ಟಿ, ಮಾಣೆಕ್‌ಜಿ ಲಿಮ್‌ಜಿ ಹತೇರಿಯಾ ಎಂಬ ವ್ಯಾಪಾರಿಯನ್ನು ಇರಾನಿಗೆ ಕಳುಹಿಸಿದರು. ತಮ್ಮ ಪೂರ್ವಿಕರ ನಾಡಿನಲ್ಲಿ ಉಳಿದುಕೊಂಡ ಜರತುಷ್ಟ್ರ ಧರ್ಮೀಯರ ಸ್ಥಿತಿಗತಿ ತಿಳಿಯಬೇಕಿತ್ತು. ಒಂದು ಕಾಲದಲ್ಲಿ ಸಾಮ್ರಾಜ್ಯವನ್ನೇ ಆಳಿದ ಧರ್ಮದವರು ಆಗ ಹೆಚ್ಚಾಗಿ ಯಜ್ದ್ ಮತ್ತು ಕೆರ್ಮಾನ್ ನಗರಗಳ ಸುತ್ತಮುತ್ತ, ಕೆಲವೇ ಸಾವಿರ ಮಂದಿ ಉಳಿದಿದ್ದರು.

ಅವರು ಬಣ್ಣದ ಬಟ್ಟೆ ತೊಡುವಂತಿರಲಿಲ್ಲ. ಬಣ್ಣ ಹಾಕದ ಮಾಸಲು ಹಳದಿ ಬಟ್ಟೆಯೇ ಗತಿ. ಕುದುರೆ ಏರುವಂತಿಲ್ಲ. ಕತ್ತೆಯ ಮೇಲೆ ಹೋಗುತ್ತಿದ್ದರೂ ಎದುರಿಗೆ ಮುಸ್ಲಿಮನೊಬ್ಬ ಬಂದರೆ ಕೆಳಗಿಳಿಯಬೇಕು. ಮನೆಯ ಗೋಡೆ ತಗ್ಗಾಗಿರಬೇಕು. ಸುಡುವ ಮರುಭೂಮಿಯ ಊರಾದ ಯಜ್ದ್‌ನಲ್ಲಿ ಉಳಿದವರ ಮನೆಗಳ ಮೇಲೆ ಗಾಳಿ ಹಿಡಿದು ಒಳಗೆ ತಂಪು ತರುವ ಗೋಪುರಗಳಿದ್ದವು, ಇವರಿಗೆ ಅದೂ ನಿಷಿದ್ಧ! ಇವರ ಸ್ಪರ್ಶವೇ ಮೈಲಿಗೆ ಎಂಬ ನಂಬಿಕೆ ಬೇರೆ. ಮಡಿ-ಮೈಲಿಗೆಯ ಈ ಲೆಕ್ಕಾಚಾರವನ್ನು ನಮ್ಮವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಇವೆಲ್ಲಕ್ಕಿಂತ ಕ್ರೂರವಾದದ್ದು ಆಸ್ತಿಯ ಕಟ್ಟಳೆ ಎಂದು ನನಗನ್ನಿಸುತ್ತದೆ. ಮನೆಯಲ್ಲಿ ಒಬ್ಬ ಇಸ್ಲಾಮಿಗೆ ಮತಾಂತರಗೊಂಡರೆ ಇಡೀ ಕುಟುಂಬದ ಪಿತ್ರಾರ್ಜಿತ ಅವನ ಪಾಲಾಗುತ್ತಿತ್ತು. ಅಣ್ಣತಮ್ಮಂದಿರ ಸಣ್ಣ ಜಗಳವೂ ಮನೆಮಂದಿಯನ್ನು ಬೀದಿಗೆ ತರಬಹುದಿತ್ತು. ಕತ್ತಿ ಹಿರಿಯುವ ಅಗತ್ಯವೇ ಇರಲಿಲ್ಲ.

ಇದರ ಮೇಲೆ ಮುಸ್ಲಿಮೇತರರು ತೆರಬೇಕಾದ ಜಿಜಿಯಾ ಎಂಬ ತಲೆಗಂದಾಯ. ಇರಾನಿನ ದೊರೆ ಶಾಹನ ಖಜಾನೆಗೆ ಸಲ್ಲಬೇಕಾದ ಮೊತ್ತಕ್ಕಿಂತ ಹೆಚ್ಚನ್ನು ನಡುವಿನ ಅಧಿಕಾರಿಗಳು ಸುಲಿಯುತ್ತಿದ್ದರು. ಕೊಡಲಾಗದವನಿಗೆ ಹೊಡೆತ ಬೀಳುತ್ತಿತ್ತು, ಇಲ್ಲವೇ ಅವನು ಮತಾಂತರಗೊಳ್ಳುತ್ತಿದ್ದ. ಮುಸ್ಲಿಂ ದೊರೆಗಳೆಲ್ಲರೂ ಹೀಗೆಯೇ ಇದ್ದರು ಎನ್ನುವವರು ಅಕ್ಬರನನ್ನು ನೆನೆಯಬೇಕು. ಅವನು 1564ರಲ್ಲೇ ಜಿಜಿಯಾ ರದ್ದುಮಾಡಿದ್ದ. ಅವನ ಮರಿಮಗ ಔರಂಗಜೇಬ 1679ರಲ್ಲಿ ಅದನ್ನು ಮತ್ತೆ ಹೇರಿದ, ಅದೂ ನಿಜ.

ಹತೇರಿಯಾ ಇದನ್ನೆಲ್ಲ ಕಂಡು ಊರಿಗೆ ಮರಳಿ ವರದಿ ಒಪ್ಪಿಸಿ ಸುಮ್ಮನಾಗುವ ಆಸಾಮಿಯಲ್ಲ. ಶಾಲೆ ತೆರೆದರು, ಅಗ್ನಿಮಂದಿರಗಳನ್ನು ದುರಸ್ತಿ ಮಾಡಿಸಿದರು. ದರ್ಬಾರಿಗೆ ಅಲೆದು ಅರ್ಜಿಯ ಮೇಲೆ ಅರ್ಜಿ ಹಾಕಿದರು. ಬ್ರಿಟಿಷ್ ರಾಯಭಾರಿಗಳ ಶಿಫಾರಸನ್ನೂ ಬಿಡಲಿಲ್ಲ. ಮುಂಬಯಿಯ ಹಣವೂ ಬೆನ್ನಿಗಿತ್ತು. ಕೊನೆಗೆ 1882ರಲ್ಲಿ ನಾಸಿರುದ್ದೀನ್ ಶಾ ಜರತುಷ್ಟ್ರ ಧರ್ಮೀಯರ ಮೇಲಿನ ಜಿಜಿಯಾವನ್ನು ರದ್ದುಮಾಡಿದ. ಅಷ್ಟರಲ್ಲಿ ಇಪ್ಪತ್ತೆಂಟು ವರ್ಷ ಕಳೆದಿತ್ತು.

ಫರ್ಮಾನು, ಅಂದರೆ ದೊರೆಯ ಆಜ್ಞೆ, ಹೊರಟದ್ದು ರಾಜಧಾನಿ ತೆಹರಾನಿನಲ್ಲಿ; ಯಜ್ದ್ ಬಹಳ ದೂರ. ತೆರಿಗೆ ಹೋದರೂ ಬಟ್ಟೆಯ, ಸವಾರಿಯ ನಿರ್ಬಂಧಗಳು ಅಲ್ಲಿ ಇನ್ನೂ ಕೆಲಕಾಲ ಉಳಿದವು. ಹಲವರು ಹಡಗು ಹತ್ತಿ ಮುಂಬಯಿಗೆ ಬಂದರು. ಮುಂಬಯಿಯ, ಪುಣೆಯ ಇರಾನಿ ಹೋಟೆಲುಗಳನ್ನು ತೆರೆದವರಲ್ಲಿ ಯಜ್ದ್ ಕಡೆಯಿಂದ ಬಂದವರೇ ಬಹಳ. ಹತೇರಿಯಾ ಮಾತ್ರ ತೆಹರಾನಿನಲ್ಲೇ ಉಳಿದು, 1890ರಲ್ಲಿ ಅಲ್ಲಿಯೇ ತೀರಿಕೊಂಡರು. 1906ರಲ್ಲಿ ಇರಾನಿನ ಮೊದಲ ಸಂಸತ್ತು ಸೇರಿದಾಗ ಅದರಲ್ಲಿ ಜಮ್ಶೀದ್ ಜಮ್ಶೀದಿಯಾನ್ ಎಂಬ ಜರತುಷ್ಟ್ರ ಧರ್ಮೀಯ ವರ್ತಕರೂ ಸದಸ್ಯರಾಗಿದ್ದರು.

ನಮಸ್ಕಾರ.