ತಿರುಗುವ ಸ್ಪೀಕರಿನ ವೇಗ ಕಾಲಿಗಿರಲಿ

ಕೇಳುಗರೇ, ನಮಸ್ಕಾರ. ಗಣೇಶೋತ್ಸವದ ಆರ್ಕೆಸ್ಟ್ರಾ ತಾಲೀಮು ನಡೆಯುವ ದಿನಗಳಿವು. ಮಾಟುಂಗಾ, ಮುಲುಂಡ್, ಡೊಂಬಿವಲಿ ಕಡೆ ಕನ್ನಡ ಹಾಡುಗಳಿಗೆ ಕೀಬೋರ್ಡ್ ನುಡಿಸುವವರು, ಭಾನುವಾರ ಚರ್ಚಿನ ಗಾಯನವೃಂದದ ಜೊತೆ ಕೂರುವವರು, ನಿಮ್ಮನ್ನೇ ಕಣ್ಣ ಮುಂದಿಟ್ಟುಕೊಂಡು ಮಾತಾಡುತ್ತೇನೆ. ಆರ್ಗನ್ ಟೋನ್ ಹಾಕಿದೊಡನೆ ಸ್ವರದಲ್ಲಿ ಒಂದು ತೂಗಾಟ ಕೇಳುತ್ತದಲ್ಲ, ಅದು ರೋಟರಿ ಸ್ಪೀಕರಿನ, ಅಂದರೆ ತಿರುಗುವ ಸ್ಪೀಕರಿನ ದನಿ. ಹೇಳಬೇಕಾದ್ದು ಒಂದೇ ಮಾತು. ನಿಧಾನದಿಂದ ವೇಗಕ್ಕೆ ಏರುವ, ವೇಗದಿಂದ ನಿಧಾನಕ್ಕೆ ಇಳಿಯುವ ಆ ಕೆಲವು ಸೆಕೆಂಡುಗಳೇ ಆರ್ಗನ್ನಿನ ಉಸಿರು. ಅದನ್ನು ನಿಮ್ಮ ಕಾಲಿಗೆ ಕೊಡಿ.

ಮಾಟುಂಗಾ ಸ್ಟೇಷನ್ನಿನಲ್ಲಿ ನಿಂತಿದ್ದೀರಿ ಅನ್ನಿ. ಫಾಸ್ಟ್ ಲೋಕಲ್ ಹಾರ್ನ್ ಹೊಡೆಯುತ್ತ ನಿಲ್ಲದೆ ಸಾಗುತ್ತದೆ. ಹತ್ತಿರ ಬರುವಾಗ ಶ್ರುತಿ ಏರಿರುತ್ತದೆ, ದಾಟಿದೊಡನೆ ಇಳಿಯುತ್ತದೆ. ಇದು ಡಾಪ್ಲರ್ ಪರಿಣಾಮ. ಸ್ಪೀಕರಿನ ಬಾಯಿಯನ್ನೇ ತಿರುಗಿಸಿದರೆ ಪ್ರತಿ ಸುತ್ತಿಗೂ ಇದೇ ಆಗುತ್ತದೆ, ಜೊತೆಗೆ ದನಿ ಜೋರೂ ಮೆಲ್ಲಗೂ ಆಗುತ್ತದೆ.

ಇದನ್ನು ಕಂಡುಹಿಡಿದವರು ಅಮೆರಿಕದ ಡಾನ್ ಲೆಸ್ಲಿ. ಅವರ ಕಥೆಯನ್ನು ಹೇಳಲೇಬೇಕು. ಕೊಳವೆಗಳಿಲ್ಲದೆ ವಿದ್ಯುತ್ತಿನಿಂದ ನುಡಿಯುವ ಹ್ಯಾಮಂಡ್ ಆರ್ಗನ್ ಮಾರುಕಟ್ಟೆಗೆ ಬಂದದ್ದು 1935ರಲ್ಲಿ. ಲೆಸ್ಲಿ ಲಾಸ್ ಏಂಜಲಿಸ್‌ನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಅಂಗಡಿಯ ದೊಡ್ಡ ಹಾಲಿನಲ್ಲಿ ಆ ಆರ್ಗನ್ ಕೇಳಿ ಮನಸೋತು 1937ರಲ್ಲಿ ಒಂದನ್ನು ಕೊಂಡರು. ಮನೆಗೆ ತಂದು ನುಡಿಸಿದರೆ ಸಪ್ಪೆ! ಕಾರಣ ಹುಡುಕಿದರು. ಕೊಳವೆ ಆರ್ಗನ್ನಿನಲ್ಲಿ ಒಂದೊಂದು ಸ್ವರ ಒಂದೊಂದು ಕೊಳವೆಯಿಂದ, ಬೇರೆ ಬೇರೆ ಜಾಗದಿಂದ ಬರುತ್ತದೆ. ಇಲ್ಲಿ ಎಲ್ಲವೂ ಒಂದೇ ಕಡೆಯಿಂದ ಬರುತ್ತಿತ್ತು. ದೊಡ್ಡ ಹಾಲಿನ ಅನುರಣನ ಆ ಕೊರತೆಯನ್ನು ಮುಚ್ಚಿಹಾಕಿತ್ತು, ಪುಟ್ಟ ಕೋಣೆ ಬಯಲಿಗೆಳೆಯಿತು. ಹಾಗಾದರೆ ದನಿಯ ಜಾಗವನ್ನೇ ಚಲಿಸುವಂತೆ ಮಾಡೋಣ ಎಂದು ಲೆಸ್ಲಿ ಒಳಗೆ ಸ್ಪೀಕರಿನ ಬಾಯಿ ತಿರುಗುವ ಪೆಟ್ಟಿಗೆಗಳನ್ನು ಕಟ್ಟುತ್ತ ಹೋದರು. ಹ್ಯಾಮಂಡ್ ಕಂಪನಿಗೆ ತೋರಿಸಿದರು, ಅವರು ಬೇಡವೆಂದರು. 1941ರಿಂದ ಲೆಸ್ಲಿ ತಾವೇ ಮಾರತೊಡಗಿದರು. ಇವತ್ತು ಹ್ಯಾಮಂಡ್ ಎಂದರೆ ಜಗತ್ತಿನ ಕಿವಿಗೆ ಲೆಸ್ಲಿ ಪೆಟ್ಟಿಗೆಯ ದನಿಯೇ ಬರುತ್ತದೆ.

ಆ ಪೆಟ್ಟಿಗೆಯೊಳಗೆ ತಿರುಗುವ ಭಾಗಗಳು ಎರಡು. ಮೇಲೆ ತಾರಸ್ವರಕ್ಕೆ ತುತ್ತೂರಿಯಂಥ ಹಾರ್ನ್, ಕೆಳಗೆ ಮಂದ್ರಕ್ಕೆ ಪೀಪಾಯಿಯಂಥ ಡ್ರಮ್. ಸುಮಾರು 800 ಹರ್ಟ್ಸ್ ಬಳಿ ದನಿ ಇಬ್ಭಾಗವಾಗುತ್ತದೆ. ಹಾರ್ನಿಗೆ ಎರಡು ಬಾಯಿ ಕಂಡರೂ ದನಿ ಬರುವುದು ಒಂದರಿಂದಲೇ, ಇನ್ನೊಂದು ತೂಕ ಸರಿದೂಗಿಸಲು. ನಿಧಾನದಲ್ಲಿ ಹಾರ್ನ್ ನಿಮಿಷಕ್ಕೆ ಸುಮಾರು 48 ಸುತ್ತು, ವೇಗದಲ್ಲಿ 400ರ ಆಸುಪಾಸು. ಡ್ರಮ್ ಎರಡರಲ್ಲೂ ತುಸು ಹಿಂದೆ. ಹಾರ್ನ್ ಹಗುರ, ಒಂದು ಸೆಕೆಂಡಿನಲ್ಲಿ ವೇಗ ಹಿಡಿಯುತ್ತದೆ. ಡ್ರಮ್ ಭಾರ, ಅದಕ್ಕೆ ನಾಲ್ಕೈದು ಸೆಕೆಂಡಾದರೂ ಬೇಕು. ಮೇಲಿನದು ಆಗಲೇ ಓಡುತ್ತಿರುತ್ತದೆ, ಕೆಳಗಿನದು ಇನ್ನೂ ಏಳುತ್ತಿರುತ್ತದೆ. ಆ ಸೊಗಸು ಬೇರೆ ಯಾವ ವಾದ್ಯದಲ್ಲೂ ಇಲ್ಲ! ಅಮೆರಿಕದ ಹಳೆಯ ಪೆಟ್ಟಿಗೆಯನ್ನು ಬರೀ ಟ್ರಾನ್ಸ್‌ಫಾರ್ಮರ್ ಹಾಕಿ ಮುಂಬಯಿಯಲ್ಲಿ ಓಡಿಸಿದರೆ ಅದು ಇರಬೇಕಾದ್ದಕ್ಕಿಂತ ನಿಧಾನವಾಗಿ ತಿರುಗುತ್ತದೆ. ಅಲ್ಲಿಯ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ಮೋಟಾರಿನ ಪುಲ್ಲಿ ಬದಲಿಸಬೇಕು.

ಇನ್ನು ನಿಮ್ಮ ಕೀಬೋರ್ಡ್. ಅದರೊಳಗೆ ಏನೂ ತಿರುಗುವುದಿಲ್ಲ, ಇರುವುದು ಆ ಪೆಟ್ಟಿಗೆಯ ದನಿಯ ಅನುಕರಣೆ. ಮೊದಲು ಟೋನ್ ಪರೀಕ್ಷಿಸಿ. ಅಕ್ಕಪಕ್ಕದ ಕೀಗಳನ್ನು ಒಂದೊಂದಾಗಿ ಒತ್ತಿ ಹಿಡಿಯಿರಿ. ಮೇಲೆ ಹೋದಂತೆ ತೂಗಾಟವೂ ಚುರುಕಾದರೆ, ರೋಟರಿ ರೆಕಾರ್ಡಿಂಗಿನೊಳಗೇ ಸೇರಿಹೋಗಿದೆ ಎಂದರ್ಥ. ಅದನ್ನು ಯಾವ ಪೆಡಲೂ ಆಳಲಾರದು. ತೂಗಾಟವಿಲ್ಲದ ಡ್ರಾಬಾರ್ ಆರ್ಗನ್ ಟೋನ್ ತೆಗೆದುಕೊಂಡು, ಅದರ ಇನ್ಸರ್ಟ್ ಎಫೆಕ್ಟಿಗೆ, ಅಂದರೆ ಆ ಟೋನಿಗೆ ಮಾತ್ರ ತಗಲುವ ಎಫೆಕ್ಟಿಗೆ, ರೋಟರಿ ಹಾಕಿ. ಅನುರಣನ ಕೊಡುವ ರಿವರ್ಬ್ ಅದರ ನಂತರ ಬರಲಿ.

ಎರಡನೆಯದು ಮಾಡ್ಯುಲೇಷನ್ ವೀಲ್, ಕೀಬೋರ್ಡಿನ ಮೇಲೆ ಕೈಯಿಂದ ತಿರುಗಿಸುವ ಪುಟ್ಟ ಚಕ್ರ. ಬಹಳ ಟೋನ್‌ಗಳಲ್ಲಿ ಅದು ಮಾಮೂಲಿ ವೈಬ್ರಾಟೊ, ಅಂದರೆ ಸ್ವರದ ನಡುಕ, ಕೊಡುತ್ತದೆ. ಅದೇ ವೀಲಿಗೆ ರೋಟರಿ ವೇಗವನ್ನೂ ಸೇರಿಸಿದರೆ ಎರಡು ತೂಗಾಟ ಒಂದರ ಮೇಲೊಂದು ಬಿದ್ದು ಶ್ರುತಿ ಕೆಟ್ಟಂತೆ ಕೇಳುತ್ತದೆ. ವೈಬ್ರಾಟೊ ಡೆಪ್ತ್ ಸೊನ್ನೆ ಮಾಡಿ. ವೀಲನ್ನು ಮೆಲ್ಲಗೆ ತಿರುಗಿಸುವುದರಿಂದಲೂ ಲಾಭವಿಲ್ಲ. ವೀಲ್ ಕಳಿಸುವ ಅಂಕಗಳಲ್ಲಿ ವೇಗದ ಸ್ವಿಚ್ಚಿಗೆ ಸಾಮಾನ್ಯವಾಗಿ 0ಯಿಂದ 63 ನಿಧಾನ, 64ರಿಂದ 127 ವೇಗ. ನಡುವಿನ ಏರಿಕೆಯನ್ನು ಎಫೆಕ್ಟೇ ಮಾಡಿಕೊಡುತ್ತದೆ.

ಆದರೆ ವೀಲಿಗೆ ಕೈ ಬೇಕು. ಆರ್ಗನ್ನಿನಲ್ಲಿ ಕೈ ಎತ್ತಿದರೆ ಸ್ವರ ಅಲ್ಲೇ ನಿಂತುಬಿಡುತ್ತದೆ. ಅದಕ್ಕೇ ಮತ್ತೆ ಹೇಳುತ್ತೇನೆ, ಕಾಲಿಗೆ ಕೊಡಿ. ಹಿಂಭಾಗದಲ್ಲಿ ಅಸೈನ್ ಮಾಡಬಹುದಾದ ಫುಟ್‌ಸ್ವಿಚ್ ಜ್ಯಾಕ್ ಇದ್ದರೆ ಅಲ್ಲಿಗೆ ಸಾದಾ ಸಸ್ಟೇನ್ ಪೆಡಲ್ ಸಿಕ್ಕಿಸಿ, ರೋಟರಿ ಸ್ಪೀಡ್‌ಗೆ ಅಸೈನ್ ಮಾಡಿ, ಟಾಗಲ್ ಆಯ್ದುಕೊಳ್ಳಿ. ಆಗ ಒಮ್ಮೆ ತುಳಿದರೆ ವೇಗ, ಇನ್ನೊಮ್ಮೆ ತುಳಿದರೆ ನಿಧಾನ. ಮೊಮೆಂಟರಿ ಇಟ್ಟರೆ ತುಳಿದಷ್ಟು ಹೊತ್ತು ಮಾತ್ರ ವೇಗ. ಪೆಡಲ್ ಉಲ್ಟಾ ಕೆಲಸ ಮಾಡಿದರೆ ಪೊಲಾರಿಟಿ, ಅಂದರೆ ತುಳಿದಾಗ ಆನೋ ಬಿಟ್ಟಾಗ ಆನೋ ಎಂಬುದನ್ನು, ನೋಡಿ. ಅನೇಕ ಕೀಬೋರ್ಡುಗಳು ಆನ್ ಆಗುವಾಗಲೇ ಪೆಡಲಿನ ಸ್ಥಿತಿ ಓದಿಕೊಳ್ಳುತ್ತವೆ. ಪೆಡಲ್ ಮೊದಲು ಸಿಕ್ಕಿಸಿ, ಕಾಲು ದೂರವಿಟ್ಟು ಆಮೇಲೆ ಆನ್ ಮಾಡಿ.

ದಯವಿಟ್ಟು ಇಡೀ ಹಾಡಿಗೆ ವೇಗದಲ್ಲೇ ಬಿಟ್ಟು ಕೂರಬೇಡಿ. ಚರಣಕ್ಕೆ ನಿಧಾನ, ಸಾಲಿನ ಕೊನೆಯ ದೀರ್ಘ ಸ್ವರಕ್ಕೆ ವೇಗ. ಹಾರ್ನಿಗೆ ಒಂದು ಸೆಕೆಂಡು ಬೇಕೆಂದೆನಲ್ಲ, ಟೆಂಪೊ 120 ಇದ್ದರೆ ಅದು ಎರಡು ಬೀಟ್. ಸ್ವರ ಅರಳಬೇಕಾದ ಜಾಗಕ್ಕೆ ಎರಡು ಬೀಟ್ ಮೊದಲೇ ತುಳಿಯಿರಿ.

ಸಮಯ ಮುಗಿಯುತ್ತ ಬಂತು, ಎರಡೇ ಮಾತು. ಕಾಲಿನಿಂದ ದನಿ ಏರಿಸಿ ಇಳಿಸುವ ಎಕ್ಸ್‌ಪ್ರೆಷನ್ ಪೆಡಲ್ ಇದ್ದರೆ ಅದು ದನಿಯನ್ನು ಒರಟಾಗಿಸುವ ರೋಟರಿಯ ಡ್ರೈವ್‌ಗಿಂತ ಮೊದಲು ಬರಲಿ, ಜೋರಾದಂತೆ ದನಿ ಸ್ವಲ್ಪ ಗರಗರವಾಗುವುದು ಆಗಲೇ. ಮಂಡಲದ ಮಿಕ್ಸರಿನಲ್ಲಿ ಒಂದೇ ಚಾನೆಲ್ ಕೊಟ್ಟರೆ ಕೇಬಲ್ಲನ್ನು ಎಡಗಡೆಯ, ಮೋನೊ ಎಂದು ಬರೆದಿರುವ ಜ್ಯಾಕಿಗೇ ಹಾಕಿ. ಬಲಗಡೆಗೆ ಹಾಕಿದರೆ ಸ್ಟೀರಿಯೊದ ಅರ್ಧವಷ್ಟೇ ಹೊರಗೆ ಹೋಗುತ್ತದೆ.